ಅಮೃತಮಹಲ್ ಎತ್ತುಗಳ ಯುದ್ಧಸೇವೆ

ಮೈಸೂರು ಸಂಸ್ಥಾನದ ಕಾವಲುಗಳಲ್ಲಿ, ಅಂದರೆ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲುಗಳಲ್ಲಿ, ಬೆಳೆದ ಅಮೃತಮಹಲ್ ಎತ್ತುಗಳು ಮೊದಲು ಹೈದರಾಲಿ, ಟಿಪ್ಪು ಸುಲ್ತಾನರ ಫಿರಂಗಿಗಳನ್ನು ಎಳೆದವು. 19ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ತೋಪುಗಳಿಗೆ ಹೆಗಲು ಕೊಟ್ಟವು. ಹಾಸನ ಜಿಲ್ಲೆಯ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ಬಯಲು, ಅದಕ್ಕೆ ತಾಗಿಕೊಂಡ ತುಮಕೂರು, ಚಿಕ್ಕಮಗಳೂರು, ಚಿತ್ರದುರ್ಗ ಸೀಮೆಗಳ ಹುಲ್ಲುಗಾವಲುಗಳೇ ಇವುಗಳ ತವರು.

ಈ ಹಿಂಡುಗಳು ಹುಟ್ಟಿದ್ದು ಯುದ್ಧಕ್ಕಾಗಿ ಅಲ್ಲ. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದ ಅಧಿಕಾರಿಗಳು ಕಟ್ಟಿದ ಕರುಹಟ್ಟಿ ಎಂಬ ಹಸು ಸಾಕಣೆಯ ಕೇಂದ್ರ ಮುಂದೆ ಮೈಸೂರು ಒಡೆಯರ ಕೈಗೆ ಬಂತು. ಚಿಕ್ಕದೇವರಾಜ ಒಡೆಯರು (1672–1704) ಅದಕ್ಕೆ ಕಾವಲುಗಳನ್ನು ಬಿಟ್ಟುಕೊಟ್ಟು, ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ಮಾಡಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಇಲಾಖೆಯ ಹೋರಿಗಳು ಫಿರಂಗಿಗೆ ಆಗುತ್ತವೆ ಎಂದು ಕಂಡುಕೊಂಡವನು ಹೈದರ್. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಹಾಗಲವಾಡಿ ಪಾಳೆಯಗಾರರ ದನಗಳನ್ನೂ ಸೇರಿಸಿ, ಸಾಕಣೆಯ ಕ್ರಮವನ್ನು ಹುಕುಂನಾಮೆಯಲ್ಲಿ ಬರೆಸಿದ.

ಅಂದಿನ ಯುದ್ಧದಲ್ಲಿ ಸೈನ್ಯದ ವೇಗವೆಂದರೆ ತೋಪಿನ ಗಾಡಿಯ ವೇಗ. ಕುದುರೆ ಸವಾರರು ಎಷ್ಟೇ ಮುಂದೆ ಓಡಲಿ, ಕೋಟೆ ಒಡೆಯುವ ಫಿರಂಗಿ ಹಿಂದೆ ಉಳಿದರೆ ಮುತ್ತಿಗೆಯೇ ಇಲ್ಲ. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಬಂದ. ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆಸಿಕೊಂಡು ಹೋಗುತ್ತಿದ್ದ. ಗೆದ್ದವರಿಗೆ ಬಯಲು ಸಿಗುತ್ತಿತ್ತು, ತೋಪು ಸಿಗುತ್ತಿರಲಿಲ್ಲ. ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದ. ಮುಂದೆ ಬ್ರಿಟಿಷ್ ಜನರಲ್ ಮೆಡೋಸ್‌ನ ಎದುರು ಎರಡು ದಿನಗಳಲ್ಲಿ 63 ಮೈಲಿ ನಡೆದ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಎದುರಾಳಿಯ ಪಾಳೆಯದಲ್ಲೇ ಇದೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನವರೆಗೂ ಬಂದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಅರಕೆರೆಯ ಬಳಿ ಗೆದ್ದ ಮೇಲೂ, ಎಳೆಯುವ ಎತ್ತುಗಳು ಮಳೆ, ರೋಗ, ಮೇವಿನ ಕೊರತೆಗೆ ಸತ್ತುಬಿದ್ದದ್ದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಬೇಕಾಯಿತು. ಈ ಹಿಮ್ಮೆಟ್ಟುವಿಕೆಯನ್ನು ಮುಂಗಾರೊಂದರ ತಲೆಗೇ ಕಟ್ಟುವಂತಿಲ್ಲ. ಮಳೆ ಟಿಪ್ಪುವಿನ ಮೇಲೂ ಸುರಿದಿತ್ತು.

ಈ ಎತ್ತಿನ ಗುಟ್ಟು ಕಾವಲಿನಲ್ಲಿದೆ. ಅಮೃತಮಹಲ್ ದನಕ್ಕೆ ಕೊಟ್ಟಿಗೆ ಇರಲಿಲ್ಲ. ಬಿಸಿಲು, ಮಳೆ, ಚಳಿ ಎಲ್ಲ ಬಯಲಿನಲ್ಲೇ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಬೇರೆ ಮಾಡಿ ಹಿಂಡನ್ನು ನಡೆಸುತ್ತಿದ್ದರು. ಬೇಸಿಗೆಯ ಕಾವಲುಗಳು ಕೆರೆಯಂಗಳ, ನೆರಳು ಇರುವ ಕಡೆ. ಹಸುವಿನ ಹಾಲು ಬಹುಮಟ್ಟಿಗೆ ಕರುವಿಗೇ. ನೆಲ ಗಟ್ಟಿ, ಹುಲ್ಲು ಗಿಡ್ಡ, ನಡೆಯುವ ದೂರ ಹೆಚ್ಚು; ಆದ್ದರಿಂದ ಮೈ ಹಗುರ, ಗೊರಸು ಗಟ್ಟಿ. ಹಿಂಡಿನಲ್ಲಿ ಬೆಳೆದ ಹೋರಿ ಅಪರಿಚಿತರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದನ್ನು ಹಿಡಿದು, ಗೂಟಕ್ಕೆ ಕಟ್ಟಿ, ಪಳಗಿದ ಎತ್ತಿನ ಜೊತೆ ಜೋಡಿ ಮಾಡಿ ನೊಗ ಕಲಿಸುವುದು ಜೀವಕ್ಕೆ ಅಪಾಯವಿದ್ದ ಕೆಲಸ. ಆ ಕೆಲಸ ಮಾಡಿದವರು ಹಿಂಡಿನ ಮೇಲ್ವಿಚಾರಕರಾದ ಸೇರ್ವೇಗಾರರು, ದನಗಾಹಿಗಳು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಈ ಹಿಂಡುಗಳಲ್ಲಿ ಬೆರೆತಿದ್ದವು.

1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಹಿಂಡುಗಳು ಕಂಪನಿಯ ವಶವಾದವು. 1803ರಲ್ಲಿ ಹರಿಹರದಿಂದ ಹೊರಟು ಏಪ್ರಿಲ್ ಹೊತ್ತಿಗೆ ಪುಣೆ ಮುಟ್ಟಿದ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ನಡಿಗೆಗೆ ಬಲ ಕೊಟ್ಟದ್ದು ಇವೇ ಎತ್ತುಗಳು. ಅದೇ ವರ್ಷದ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರ ಗುಂಡಿಗೆ ಫಿರಂಗಿ ಹಾರಿಸುವ ಗೋಲಂದಾಜರೂ ಎತ್ತುಗಳೂ ಬಿದ್ದಾಗ ಅವನ ತೋಪುಗಳು ನಿಂತಲ್ಲೇ ನಿಂತವು. ಕಾಲಾಳುಗಳು ಫಿರಂಗಿಯ ಆಸರೆಯಿಲ್ಲದೆ ಮುನ್ನುಗ್ಗಬೇಕಾಯಿತು. ಮುಂದೆ ಸ್ಪೇನಿನ ಯುದ್ಧದಲ್ಲಿದ್ದಾಗ ಮೈಸೂರಿನ ಎತ್ತು ತನ್ನಲ್ಲಿಲ್ಲವೆಂದು ಅವನು ಮರುಗುತ್ತಿದ್ದನಂತೆ.

ಈ ನಡುವೆ ಹಿಂಡುಗಳ ಆಡಳಿತವನ್ನು ಮಹಾರಾಜರ ಸರ್ಕಾರಕ್ಕೆ ಬಿಟ್ಟಿದ್ದ ಕಂಪನಿ, ತಳಿ ಕೆಡುತ್ತಿದೆಯೆಂದು 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆಯನ್ನು ನೇಮಿಸಿತು. ಅದರ ಫಲ ಮುಂದಿನ ಮರಾಠಾ ಯುದ್ಧದಲ್ಲಿ ಕಂಡಿತು: ಪೇಶ್ವೆ ಎರಡನೆಯ ಬಾಜೀರಾಯನ ಬೆನ್ನುಹತ್ತಿದ ಜನರಲ್ ಪ್ರಿಟ್ಜ್‌ಲರ್ 25 ದಿನಗಳಲ್ಲಿ 346 ಮೈಲಿ ನಡೆದ. 1842ರಲ್ಲಿ 230 ಎತ್ತುಗಳು ಆಫ್ಘನ್ ಯುದ್ಧಕ್ಕೂ ಹೋದವು. ಅಲ್ಲಿನ ಬೆಟ್ಟದ ದಾರಿಗಳಲ್ಲಿ ಅವು ಒಮ್ಮೊಮ್ಮೆ 16 ಗಂಟೆ ನೊಗದಡಿ ಇದ್ದವೆಂದು ಕ್ಯಾಪ್ಟನ್ ಡೇವಿಡ್‌ಸನ್ ವರದಿ ಮಾಡಿದ. 

ಯಾವ ಯುದ್ಧವೂ ಮಾಡದ ಕೆಲಸವನ್ನು ಲೆಕ್ಕಪತ್ರ ಮಾಡಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ತಗ್ಗಿಸುವ ನೆಪದಲ್ಲಿ ಇಲಾಖೆಯನ್ನೇ ಮುಚ್ಚಿಸಿದ. ಹಿಂಡುಗಳು ಹರಾಜಾದವು, ಒಂದಷ್ಟು ದನಗಳು ಈಜಿಪ್ಟಿನ ಪಾಷಾನ ಪಾಲಾದವು. ಪೇಟೆಯಲ್ಲಿ ಎತ್ತು ಕೊಂಡರಾಯಿತು ಎಂಬ ಲೆಕ್ಕ ಆರೇ ವರ್ಷಕ್ಕೆ ತಲೆಕೆಳಗಾಯಿತು. ಸೈನ್ಯಕ್ಕೆ ಬೇಕಾದ ಜಾತಿ ಎತ್ತು ಪೇಟೆಯಲ್ಲಿ ಸಿಗದೆ, 1866ರಲ್ಲಿ ಉಳಿದ ದನಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು. ಫಿರಂಗಿಗೆ ಕುದುರೆ, ಆಮೇಲೆ ಮೋಟಾರು ಬಂದಂತೆ ಎತ್ತಿನ ಸೇನಾಸೇವೆ ತಾನಾಗಿ ನಿಂತುಹೋಯಿತು.

ತಳಿಯ ಮುಖ್ಯ ಸಂವರ್ಧನ ಕೇಂದ್ರ ಈಗ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ಇದರ ಹತ್ತಿರದ ನಂಟಾದ ಹಳ್ಳಿಕಾರ್ ಎತ್ತುಗಳು ಹಾಸನ ಜಿಲ್ಲೆಯ ಬೂಕನಬೆಟ್ಟದಂಥ ದನಗಳ ಜಾತ್ರೆಗಳಲ್ಲಿ ಇಂದಿಗೂ ಕೈ ಬದಲಾಯಿಸುತ್ತವೆ. ಕಾವಲುಗಳು ಮಾತ್ರ ಒತ್ತುವರಿ, ಮಂಜೂರಾತಿಗಳಲ್ಲಿ ಕರಗುತ್ತ ಬಂದಿವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಡಲಾಗಿದೆ; ಅಲ್ಲಿನ ವರವು ಕಾವಲಿನಲ್ಲಿ ಡಿಆರ್‌ಡಿಒ 2016ರಿಂದ ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುತ್ತಿದೆ.