ಸೇವಾ ಸಂಸ್ಥೆಗಳಲ್ಲಿ ಫಲಾನುಭವಿಗಳ ದೂರು ಮತ್ತು ತಾರತಮ್ಯ ನಿಷೇಧ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಡಿತರ, ತಂಗುದಾಣ, ಆಪ್ತಸಮಾಲೋಚನೆ, ನಿರಾಶ್ರಿತರ ಪುನರ್ವಸತಿ ಮುಂತಾದ ನೆರವಿನ ದೊಡ್ಡ ಪಾಲು ಚರ್ಚುಗಳ ಮತ್ತು ಖಾಸಗಿ ದತ್ತಿ ಸಂಸ್ಥೆಗಳ ಕೈಯಿಂದಲೇ ಜನರಿಗೆ ಮುಟ್ಟುತ್ತದೆ. ಸಂಸ್ಥೆ ಖಾಸಗಿಯದಾದರೂ ಫೆಡರಲ್ ಸರ್ಕಾರದ ಅನುದಾನ ಪಡೆದ ಮೇಲೆ ಯಾರಿಗೆ ಕೊಡುವುದು, ಯಾರನ್ನು ಬರಿಗೈಲಿ ಕಳಿಸುವುದು ಎಂಬುದು ಅದರ ಮರ್ಜಿಗೆ ಬಿಟ್ಟ ವಿಷಯವಲ್ಲ. ಅನುದಾನದ ಬೆನ್ನಿಗೇ ಫಲಾನುಭವಿಯ ಹಕ್ಕೂ ಬರುತ್ತದೆ.

1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಅಧ್ಯಾಯ ಜನಾಂಗ, ವರ್ಣ, ರಾಷ್ಟ್ರಮೂಲಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. 1975ರ ಕಾಯ್ದೆ ವಯಸ್ಸಿಗೆ ಸಂಬಂಧಿಸಿದ್ದು. ಅಂಗವಿಕಲರ ರಕ್ಷಣೆಗೆಂದು 1973ರ ಪುನರ್ವಸತಿ ಕಾಯ್ದೆಯಲ್ಲಿ 504ನೇ ಕಲಮು ಸೇರಿತಾದರೂ ಅದರ ನಿಯಮಾವಳಿಗೆ ಸಹಿ ಬೀಳಲು ನಾಲ್ಕು ವರ್ಷ ಹಿಡಿಯಿತು. 1977ರ ಏಪ್ರಿಲ್‌ನಲ್ಲಿ ಜೂಡಿತ್ ಹ್ಯೂಮನ್ ಮತ್ತಿತರ ಅಂಗವಿಕಲ ಹೋರಾಟಗಾರರು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ವಾರಗಟ್ಟಲೆ ಧರಣಿ ಕೂತರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಅವರಿಗೆ ಬಿಸಿ ಊಟ ಒಯ್ದುಕೊಟ್ಟರು. ಏಪ್ರಿಲ್ 28ರಂದು ಸಚಿವ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು. ಇಂದು ಸೇವಾ ಸಂಸ್ಥೆಗಳಲ್ಲಿ ದೂರು ಸ್ವೀಕರಿಸಲು ಒಬ್ಬ ಅಧಿಕಾರಿ ಇರುವುದಕ್ಕೆ ಆ ನಿಯಮಾವಳಿಯೇ ಮುಖ್ಯ ಕಾರಣ: ಆರೋಗ್ಯ ಇಲಾಖೆಯ ಅನುದಾನ ಪಡೆಯುವ, 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಅಂಥವರನ್ನು ನೇಮಿಸಲೇಬೇಕು.

ಒಂದು ಯೋಜನೆಗೆ ಮಾತ್ರ ಹಣ ಬಂದರೆ ತಾರತಮ್ಯ ನಿಷೇಧದ ಷರತ್ತು ಆ ಯೋಜನೆಗಷ್ಟೇ ಅನ್ವಯ ಎಂದು 1984ರ ಗ್ರೋವ್ ಸಿಟಿ ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1988ರಲ್ಲಿ ಸಂಸತ್ತು ಅಧ್ಯಕ್ಷ ರೇಗನ್ನರ ವಿಟೊ ಮೀರಿ ಹೊಸ ಕಾಯ್ದೆ ತಂದಿತು. ಸಮಾಜಸೇವೆಯೇ ಮುಖ್ಯ ಕಸುಬಾದ ಸಂಸ್ಥೆಗೆ ಈಗ ಷರತ್ತು ಇಡಿಯಾಗಿ ಅನ್ವಯಿಸುತ್ತದೆ.

ಭಾಷೆಯೂ ರಾಷ್ಟ್ರಮೂಲದ ವ್ಯಾಪ್ತಿಗೆ ಬರಬಹುದು ಎಂಬುದಕ್ಕೆ ಆಧಾರ, ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಶಿಕ್ಷಣ ಕುರಿತ 1974ರ ಲಾವ್ ಪ್ರಕರಣ. ದುಭಾಷಿ ಸೌಲಭ್ಯವನ್ನು ವಿಸ್ತರಿಸಿದ್ದ 2000ದ ಅಧ್ಯಕ್ಷೀಯ ಆದೇಶ 2025ರಲ್ಲಿ ರದ್ದಾಯಿತು; ಮೂಲ ಕಾಯ್ದೆ ಹಾಗೆಯೇ ಇದೆ. ಮಗನ ಮನೆಗೆಂದು ಹೋಗಿ ಅಲ್ಲೇ ನೆಲೆಸಿದ, ಕನ್ನಡವಲ್ಲದೆ ಬೇರೆ ಬಾರದ ಹಿರಿಯರಿಗೂ ಇದು ಸಂಬಂಧಪಟ್ಟ ಮಾತು.

ಧಾರ್ಮಿಕ ಸಂಸ್ಥೆಗಳ ವಿಚಾರ ಸೂಕ್ಷ್ಮ. 1996ರ ಕಲ್ಯಾಣ ಸುಧಾರಣಾ ಕಾಯ್ದೆಯಡಿ ಅವು ತಮ್ಮ ಧರ್ಮಸ್ವರೂಪ ಉಳಿಸಿಕೊಂಡೇ ಸರ್ಕಾರಿ ಹಣ ಪಡೆಯಬಹುದು, ಆದರೆ ಫಲಾನುಭವಿಯ ಮತ ಕೇಳಿ ನೆರವು ನಿರಾಕರಿಸುವಂತಿಲ್ಲ. ಪ್ರಾರ್ಥನೆಗೆ ಕೂರದವರಿಗೂ ದಿನಸಿ ಚೀಲ ಸಿಗಬೇಕು. ಫಿಲಡೆಲ್ಫಿಯಾದ ಕ್ಯಾಥೊಲಿಕ್ ಸೇವಾ ಸಂಸ್ಥೆಯೊಂದು ಸಲಿಂಗ ದಂಪತಿಗಳನ್ನು ಪೋಷಕ ಪಾಲಕರೆಂದು ಪ್ರಮಾಣೀಕರಿಸಲು ಒಪ್ಪದಿದ್ದಾಗ ನಗರಾಡಳಿತ ಅದರ ಮೂಲಕ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸಂಸ್ಥೆಯ ಪರ ತೀರ್ಪಿತ್ತಿತು. ಅಂಥ ಯಾವ ದಂಪತಿಯೂ ಪ್ರಮಾಣೀಕರಣ ಕೋರಿ ಆ ಸಂಸ್ಥೆಯ ಬಾಗಿಲಿಗೆ ಹೋಗಿರಲಿಲ್ಲ ಎಂಬುದು ತೀರ್ಪಿನಲ್ಲೇ ದಾಖಲಾಗಿದೆ.

ಇನ್ನು ದೂರು ಕೊಡುವ ಬಗೆ. ಕೃಷಿ ಇಲಾಖೆಯ ಆಹಾರ ದಾಸ್ತಾನು ಹಂಚುವ ಕೇಂದ್ರದ ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಕಡೆ, 11×17 ಅಂಗುಲದ ಭಿತ್ತಿಪತ್ರ ಇರಬೇಕು. ದೂರನ್ನು ಎಲ್ಲಿಗೆ ಕಳಿಸಬೇಕೆಂದು ಅದರಲ್ಲಿರುತ್ತದೆ. ಸಂಸ್ಥೆಯೊಳಗಿನ ವಿಚಾರಣೆಗೆ ಆರೋಗ್ಯ ಇಲಾಖೆ ಪ್ರಕಟಿಸಿದ ಮಾದರಿಯೊಂದರ ಪ್ರಕಾರ, ವಿಷಯ ತಿಳಿದ 60 ದಿನದೊಳಗೆ ಲಿಖಿತ ದೂರು, 30 ದಿನದಲ್ಲಿ ಲಿಖಿತ ನಿರ್ಣಯ, ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಮುಖ್ಯಸ್ಥರಿಗೆ ಮೇಲ್ಮನವಿ. ಇದನ್ನೆಲ್ಲ ಮುಗಿಸಿಕೊಂಡೇ ಬರಬೇಕೆಂದಿಲ್ಲ; ಘಟನೆಯಾದ 180 ದಿನದೊಳಗೆ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ನೇರವಾಗಿ ದೂರಬಹುದು. ಸಿಬ್ಬಂದಿಯ ಒರಟು ಮಾತು, ದಿನಗಟ್ಟಲೆ ಕಾಯಿಸುವಿಕೆ ಮುಂತಾದ ಸಾಮಾನ್ಯ ಅಹವಾಲುಗಳು ತಾರತಮ್ಯದ ಅಂಶವಿಲ್ಲದಿದ್ದರೆ ಸಂಸ್ಥೆಯೊಳಗೇ ಇತ್ಯರ್ಥವಾಗುತ್ತವೆ.

ದೂರಿತ್ತವರ ಮೇಲೆ ಸೇಡು ತೀರಿಸಿಕೊಳ್ಳುವುದೂ ನಿಷಿದ್ಧ. ಕಾಗದದ ಮೇಲೆ ಒಂದೇ ಸಾಲಾದರೂ ವ್ಯವಸ್ಥೆ ನಿಂತಿರುವುದು ಇದರ ಮೇಲೆ: ಮುಂದಿನ ವಾರದ ದಿನಸಿಗೆ ಅದೇ ಸರದಿಯಲ್ಲಿ ನಿಲ್ಲಬೇಕಾದವರು ಇದಿಲ್ಲದೆ ಬಾಯಿ ಬಿಡುವುದು ಕಷ್ಟ.