ಅರಸರನ್ನು ಕೇಳುವವರು ಯಾರು?

ಹತ್ತನೆಯ ತರಗತಿಗೆ ಪೌರನೀತಿ ಕಲಿಸುತ್ತಿದ್ದ ದಿನಗಳ ಮಾತು. 'ಕಾನೂನಿನ ಮುಂದೆ ಎಲ್ಲರೂ ಸಮಾನರು' ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ರಾಷ್ಟ್ರಪತಿಯವರೇ ಕಳವು ಮಾಡಿದರೆ ಪೊಲೀಸರು ಹಿಡಿಯುತ್ತಾರೇನ್ರಿ?" ಎಂದು ಕೇಳಿದ್ದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು 361ನೆಯ ವಿಧಿಯನ್ನು ಎರಡು ವಾಕ್ಯಗಳಲ್ಲಿ ಹೇಳಿ, ಮುಖ್ಯಮಂತ್ರಿಗಳಿಗೆ ಅಂಥ ರಕ್ಷೆಯಿಲ್ಲವೆಂದು ಸೇರಿಸಿ, ಮುಂದಿನ ಪಾಠಕ್ಕೆ ಹೋದೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆ ಪ್ರಶ್ನೆಗೆ ಮಾತ್ರ ಸಾಕಾಗಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಆ ಸಾಲವನ್ನು ತೀರಿಸಲು ಈ ಬರಹ.

ಮೊದಲು ವಿಧಿಯನ್ನೇ ನೋಡೋಣ. ರಾಷ್ಟ್ರಪತಿ ಮತ್ತು ರಾಜ್ಯಪಾಲರ ವಿರುದ್ಧ ಅವರ ಅಧಿಕಾರಾವಧಿಯಲ್ಲಿ ಯಾವ ಕ್ರಿಮಿನಲ್ ಮೊಕದ್ದಮೆಯನ್ನೂ ಹೂಡುವಂತಿಲ್ಲ, ಮೊದಲೇ ಹೂಡಿದ್ದನ್ನು ಮುಂದುವರಿಸುವಂತಿಲ್ಲ, ಬಂಧನದ ಆದೇಶ ಹೊರಡಿಸುವಂತಿಲ್ಲ. ಅವಧಿ ಮುಗಿದೊಡನೆ ಈ ರಕ್ಷೆಯೂ ಮುಗಿಯುತ್ತದೆ. ರಾಷ್ಟ್ರಪತಿಯವರು ಸಂವಿಧಾನವನ್ನು ಉಲ್ಲಂಘಿಸಿದರೆ 61ನೆಯ ವಿಧಿಯಂತೆ ಸಂಸತ್ತು ಮಹಾಭಿಯೋಗ ನಡೆಸಬಹುದು. ಈ ಇಬ್ಬರೂ ಬಹುಮಟ್ಟಿಗೆ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಸ್ವಂತ ಅಧಿಕಾರ ಕಡಿಮೆಯಿರುವಲ್ಲಿ ತಾತ್ಕಾಲಿಕವಾದ ಕವಚವೊಂದು ಇದ್ದರೆ ಅಷ್ಟಾಗಿ ಅಪಾಯವಿಲ್ಲ. ನಿಜವಾಗಿ ಆಳುವ ಪ್ರಧಾನಮಂತ್ರಿ, ಮುಖ್ಯಮಂತ್ರಿಗಳಿಗೆ ಸಂವಿಧಾನ ಈ ಕವಚವನ್ನು ಕೊಟ್ಟಿಲ್ಲ.

ಕೊಡಿಸುವ ಯತ್ನವೊಂದು ನಡೆದಿತ್ತೆಂಬುದನ್ನು ಇಂದಿನ ತರುಣರು ಬಹುಶಃ ಅರಿಯರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಆಗಸ್ಟ್ 9ರಂದು, ರಾಜ್ಯಸಭೆಯು ನಲವತ್ತೊಂದನೆಯ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿ, ಪ್ರಧಾನಮಂತ್ರಿ ಅಥವಾ ರಾಜ್ಯಪಾಲರಾಗಿದ್ದವರ ಮೇಲೆ, ಅಧಿಕಾರಕ್ಕೆ ಬರುವ ಮೊದಲು ಅಥವಾ ಅಧಿಕಾರದಲ್ಲಿದ್ದಾಗ ಮಾಡಿದ ಯಾವ ಕೃತ್ಯಕ್ಕೂ ಎಂದೆಂದಿಗೂ ಕ್ರಿಮಿನಲ್ ಮೊಕದ್ದಮೆ ಹೂಡಬಾರದೆಂಬುದು ಅದರ ಸಾರ. ಆ ಮಸೂದೆ ಲೋಕಸಭೆಯನ್ನು ದಾಟಲಿಲ್ಲ. ದಾಟಿದ್ದರೆ ಕಪ್ಪುಹಲಗೆಯ ಮೇಲಿನ ಆ ವಾಕ್ಯವನ್ನು ನಾನು ಯಾವ ಮುಖದಿಂದ ಬರೆಯಬೇಕಿತ್ತು!

ಇನ್ನು ನಮ್ಮ ನಾಡಿಗೆ ಬರೋಣ. ಅಧಿಕಾರದಲ್ಲಿರುವ ಮುಖ್ಯಮಂತ್ರಿಯನ್ನು ವಿಚಾರಣೆಗೆ ಒಳಪಡಿಸಬಹುದೆ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಮೂರು ಸಲ ದೊಡ್ಡದಾಗಿ ಎದ್ದಿದೆ.

ಮೊದಲನೆಯದು 1977ರಲ್ಲಿ. ದೆಹಲಿಯಲ್ಲಿ ಜನತಾ ಸರಕಾರ ಬಂದಿತ್ತು. ಇಲ್ಲಿ ಕಾಂಗ್ರೆಸ್ಸಿನ ದೇವರಾಜ ಅರಸರು ಮುಖ್ಯಮಂತ್ರಿ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ್ದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾಗಿದ್ದವು. ಅರಸರ ಮೇಲೆ ಭ್ರಷ್ಟಾಚಾರ, ಸ್ವಜನಪಕ್ಷಪಾತಗಳ ಆರೋಪ ಬಂದಾಗ ರಾಜ್ಯ ಸರಕಾರವು ಮೇ 18ರಂದು ತಾನೇ ಒಂದು ವಿಚಾರಣಾ ಆಯೋಗವನ್ನು ನೇಮಿಸಿತು. ಐದೇ ದಿನಗಳಲ್ಲಿ, ಮೇ 23ರಂದು, ಕೇಂದ್ರ ಸರಕಾರವು ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಇನ್ನೊಂದು ಆಯೋಗವನ್ನು ನೇಮಿಸಿತು. ರಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ಮುಖ್ಯಮಂತ್ರಿ ಉತ್ತರದಾಯಿಯಾಗಿರುವುದು ವಿಧಾನಸಭೆಗೆ, ಕೇಂದ್ರಕ್ಕಲ್ಲ; ಇದು ಒಕ್ಕೂಟ ತತ್ವಕ್ಕೆ ಪೆಟ್ಟು ಎಂಬುದು ವಾದ. ಏಳು ನ್ಯಾಯಮೂರ್ತಿಗಳ ಪೀಠ 1977ರ ನವೆಂಬರ್ 8ರಂದು ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ಡಿಸೆಂಬರ್ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಿತು. 1978ರ ಫೆಬ್ರುವರಿಯ ಚುನಾವಣೆಯಲ್ಲಿ ಜನ ಅರಸರನ್ನೇ ಮತ್ತೆ ಆರಿಸಿದರು. ಜನರ ಮತ ಒಂದು, ವಿಚಾರಣೆಯ ತೀರ್ಪು ಇನ್ನೊಂದು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಎರಡನೆಯದು 2011ರಲ್ಲಿ. ಬಿ.ಎಸ್. ಯಡಿಯೂರಪ್ಪನವರ ಮೇಲೆ ಮೊಕದ್ದಮೆ ಹೂಡಲು ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಜನವರಿ 21ರಂದು, ಮಂತ್ರಿಮಂಡಲದ ಸಲಹೆಗೆ ವಿರುದ್ಧವಾಗಿ, ಅನುಮತಿ ಕೊಟ್ಟರು. ಮಂತ್ರಿಗಳ ಮೇಲಿನ ಮೊಕದ್ದಮೆಯ ವಿಷಯದಲ್ಲಿ ರಾಜ್ಯಪಾಲರು ಅಗತ್ಯ ಬಿದ್ದಾಗ ಸ್ವಂತ ವಿವೇಚನೆಯಿಂದ ನಡೆಯಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿತ್ತು. ಜುಲೈ ತಿಂಗಳಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ಗಣಿ ವರದಿ ಬಂದು ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಭೂಮಿಯ ಪ್ರಕರಣಗಳಲ್ಲಿ ಸೆರೆಮನೆಗೆ ಹೋದರು. ಗಣಿ ಲಂಚದ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯವು 2016ರ ಅಕ್ಟೋಬರಿನಲ್ಲಿ ಅವರನ್ನು ಖುಲಾಸೆಗೊಳಿಸಿತೆಂಬುದನ್ನೂ ಇಲ್ಲಿಯೇ ಹೇಳುವುದು ನ್ಯಾಯ.

ಮೂರನೆಯದು 2024ರಲ್ಲಿ. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿಗೆ 14 ನಿವೇಶನಗಳನ್ನು ಕೊಟ್ಟ ವಿಷಯದಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಆಗಸ್ಟಿನಲ್ಲಿ ತನಿಖೆಗೆ ಅನುಮತಿಸಿದರು. ಸೆಪ್ಟೆಂಬರ್ 24ರಂದು ಹೈಕೋರ್ಟು ತನಿಖೆಯ ಅನುಮತಿಯನ್ನು ಎತ್ತಿಹಿಡಿಯಿತು. ನವೆಂಬರ್ 6ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿದ್ದುಕೊಂಡೇ ಮೈಸೂರಿನ ಲೋಕಾಯುಕ್ತ ಕಚೇರಿಗೆ ಹೋಗಿ ಸುಮಾರು ಎರಡು ಗಂಟೆ ಕಾಲ ಪ್ರಶ್ನೆಗಳಿಗೆ ಉತ್ತರಿಸಿ ಬಂದರು. ರಾಜ್ಯದ ಆಡಳಿತ ಆ ಎರಡು ಗಂಟೆಗಳಲ್ಲಿ ಕುಸಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯಾಧಾರ ಸಾಲದೆಂದು ವರದಿಯಿತ್ತರು. ಅದೇ ತಿಂಗಳ 7ರಂದು, ತನಿಖೆಯನ್ನು ಸಿಬಿಐಗೆ ಕೊಡಬೇಕೆಂಬ ಅರ್ಜಿಯನ್ನು ಹೈಕೋರ್ಟಿನ ಧಾರವಾಡ ಪೀಠವು ವಜಾ ಮಾಡಿತು. ಲೋಕಾಯುಕ್ತರ ತನಿಖೆ ಪಕ್ಷಪಾತದ್ದೆಂದು ತೋರಿಸುವ ಆಧಾರ ಕಡತದಲ್ಲಿಲ್ಲವೆಂದಿತು. ನಮ್ಮ ಬೈರಿದೇವರಕೊಪ್ಪದಿಂದ ಬಸ್ಸು ಹಿಡಿದು ಧಾರವಾಡ ದಾಟಿದರೆ ಆ ಪೀಠದ ಕಟ್ಟಡ. 2008ರವರೆಗೆ ಹೈಕೋರ್ಟೆಂದರೆ ಬೆಂಗಳೂರಿಗೇ ಹೋಗಬೇಕಿದ್ದ ನಮ್ಮ ಭಾಗದವರಿಗೆ, ಮುಖ್ಯಮಂತ್ರಿಯ ಪ್ರಕರಣದ ತೀರ್ಪೊಂದು ನಮ್ಮ ಹೆದ್ದಾರಿಯ ಪಕ್ಕದಲ್ಲಿ ಹೊರಬಿದ್ದದ್ದು ಸಣ್ಣ ಸಂಗತಿಯಲ್ಲ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿರಿ. 1977ರಲ್ಲಿ ಜನತಾ ಪಕ್ಷದ ಕೇಂದ್ರ, ಕಾಂಗ್ರೆಸ್ಸಿನ ಮುಖ್ಯಮಂತ್ರಿ. 2011ರಲ್ಲಿ ಕಾಂಗ್ರೆಸ್ ನೇತೃತ್ವದ ಕೇಂದ್ರ ನೇಮಿಸಿದ ರಾಜ್ಯಪಾಲ, ಬಿಜೆಪಿಯ ಮುಖ್ಯಮಂತ್ರಿ. 2024ರಲ್ಲಿ ಬಿಜೆಪಿ ನೇತೃತ್ವದ ಕೇಂದ್ರ ನೇಮಿಸಿದ ರಾಜ್ಯಪಾಲ, ಕಾಂಗ್ರೆಸ್ಸಿನ ಮುಖ್ಯಮಂತ್ರಿ. ಮೂರೂ ಸಲ 'ಇದು ದೆಹಲಿಯ ಪಿತೂರಿ' ಎಂಬ ವಾದ ಒಂದೇ. ವಾದಿಸುವವರು ಮಾತ್ರ ಬೇರೆ ಬೇರೆ. ಆಳುವವರು ಕಾನೂನಿಗೆ ಅತೀತರೆಂದು ಯಾರೂ ಹೇಳಲಿಲ್ಲ. 'ನಮ್ಮನ್ನು ಕೇಳಲು ನೀವು ಯಾರು?' ಎಂದೇ ಎಲ್ಲರೂ ಹೇಳಿದರು. ಈ ಮಾತು ಪೂರ್ತಿ ಸುಳ್ಳಲ್ಲ. ತಾನು ಯಾವ ನ್ಯಾಯಾಲಯಕ್ಕೂ ಉತ್ತರಿಸಬೇಕಿಲ್ಲದ ರಾಜ್ಯಪಾಲರ ಕೈಯಲ್ಲಿ, ಉತ್ತರಿಸಲೇಬೇಕಾದ ಮುಖ್ಯಮಂತ್ರಿಯ ಬಾಗಿಲಿನ ಕೀಲಿಕೈ ಇರುವುದು ವಿಚಿತ್ರವೇ ಸರಿ.

ಆದರೂ ಕೇಳುವವನ ಮನಸ್ಸು ಶುದ್ಧವಿಲ್ಲವೆಂದ ಮಾತ್ರಕ್ಕೆ ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲ. ಇದಕ್ಕೆ ಮದ್ದು ಆಳುವವರಿಗೆ ಕವಚ ತೊಡಿಸುವುದಲ್ಲ, ಕೀಲಿಕೈಯನ್ನು ಕಾಯುವುದು. ಆ ದಾರಿಯನ್ನು ತೋರಿಸಿದ್ದು ನಮ್ಮ ಹುಬ್ಬಳ್ಳಿಯ ಹೆಸರಿನೊಡನೆ ಬೆಸೆದ ಪ್ರಕರಣವೇ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಐದು ವರ್ಷಗಳ ತರುವಾಯ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ರಾಷ್ಟ್ರಪತಿಯವರ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದೆಂದು ಸಾರಿತು. ವ್ಯಕ್ತಿಯನ್ನು ಕಟಕಟೆಗೆ ಕರೆಯುವಂತಿಲ್ಲ. ಅವರ ಆದೇಶವನ್ನು ಮಾತ್ರ ಒರೆಗೆ ಹಚ್ಚಬಹುದು. 2024ರಲ್ಲಿ ರಾಜ್ಯಪಾಲರ ಅನುಮತಿಪತ್ರವನ್ನು ಹೈಕೋರ್ಟು ಪರೀಕ್ಷಿಸಿದ್ದೂ ಹೀಗೆಯೇ.

ತನಿಖಾಧಿಕಾರಿಯ ಸ್ವಾತಂತ್ರ್ಯ ಇದರ ಇನ್ನೊಂದು ಮುಖ. 2016ರಲ್ಲಿ ಸರಕಾರವು ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ತೆಗೆದು ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ಸೃಷ್ಟಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಮುಖ್ಯಮಂತ್ರಿಯ ಅಧೀನದ ದಳ ಮುಖ್ಯಮಂತ್ರಿಯನ್ನು ಹೇಗೆ ಪ್ರಶ್ನಿಸೀತು? ಕವಚವನ್ನು ಸಂವಿಧಾನದಲ್ಲಿ ಬರೆಯದೆಯೂ ತೊಡಬಹುದೆಂಬುದಕ್ಕೆ ಇದು ಸಾಕ್ಷಿ.

ಅಮೆರಿಕದಲ್ಲಿ ಅಧ್ಯಕ್ಷರೇ ಆಳುವವರು. ಅಲ್ಲಿನ ಸುಪ್ರೀಂ ಕೋರ್ಟು 2024ರ ಜುಲೈ 1ರಂದು ಅಧ್ಯಕ್ಷರ ಮೂಲಭೂತ ಸಾಂವಿಧಾನಿಕ ಅಧಿಕಾರದ ಕೃತ್ಯಗಳಿಗೆ ಪೂರ್ಣ ರಕ್ಷೆ ಉಂಟೆಂದು ತೀರ್ಪಿತ್ತಿತು. ಅಧಿಕಾರ ಬಿಟ್ಟ ಮೇಲೂ ಅದು ಉಳಿಯುತ್ತದೆ. ನಾವು 1975ರಲ್ಲಿ ಅರ್ಧ ದಾರಿಯಲ್ಲಿ ಬಿಟ್ಟದ್ದರ ಒಂದು ಪಾಲನ್ನು ಅವರು ಕೈಗೆತ್ತಿಕೊಂಡಂತೆ ನನಗೆ ತೋರಿತು. ನಮ್ಮಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಅತಿಯೂ ಕಾಣಿಸಿದೆ. ಗಂಭೀರ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದ ಪ್ರಧಾನಮಂತ್ರಿ, ಮುಖ್ಯಮಂತ್ರಿ, ಮಂತ್ರಿಗಳು ಪದವಿ ಕಳೆದುಕೊಳ್ಳಬೇಕೆಂಬ 130ನೆಯ ತಿದ್ದುಪಡಿ ಮಸೂದೆ 2025ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದು ಜಂಟಿ ಸಮಿತಿಗೆ ಹೋಯಿತು. ತೀರ್ಪಿಗೆ ಮೊದಲೇ ಬಂಧನವೇ ಶಿಕ್ಷೆಯಾದರೆ ಕೀಲಿಕೈ ಹಿಡಿದವನೇ ಅರಸನಾಗುತ್ತಾನೆ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸವನ್ನು ಜಂಗಮರಿಗೆ ಸುರಿದರೆಂಬ ದೂರು ಹೋದಾಗ, ಅವರು ಲೆಕ್ಕವನ್ನೂ ಬೊಕ್ಕಸವನ್ನೂ ತೆರೆದು ತೋರಿಸಿದರೆಂದು ಪುರಾಣಗಳು ಹೇಳುತ್ತವೆ. ದೂರಿದವರು ಮತ್ಸರಿಗಳೆಂದು ಅವರು ಬಾಗಿಲು ಮುಚ್ಚಲಿಲ್ಲ. ಪುರಾಣವನ್ನು ಇತಿಹಾಸವೆನ್ನಲಾರೆ, ಆದರೆ ಅಧಿಕಾರಸ್ಥನಿಂದ ನಮ್ಮ ಜನ ಏನನ್ನು ನಿರೀಕ್ಷಿಸುತ್ತ ಬಂದಿದ್ದಾರೆಂಬುದಕ್ಕೆ ಅದು ಸಾಕ್ಷಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎದುರಾದರೆ ಹೀಗೆ ಹೇಳಿಯೇನು: ರಾಷ್ಟ್ರಪತಿಯವರನ್ನು ಅವಧಿ ಮುಗಿಯುವವರೆಗೆ ಪೊಲೀಸರು ಹಿಡಿಯಲಾರರು, ತಮ್ಮಾ, ಆದರೆ ಕಾಯಬಹುದು. ಮುಖ್ಯಮಂತ್ರಿಯನ್ನು ಕಾಯದೆಯೂ ಕೇಳಬಹುದು. ಕೇಳುವವನು ಕಾರಣವನ್ನು ಬರೆದುಕೊಡಬೇಕು, ಆ ಕಾರಣವನ್ನು ನ್ಯಾಯಾಲಯ ಓದಬೇಕು, ತನಿಖೆ ಮಾಡುವವನು ಆರೋಪಿಯ ಅಧೀನದಲ್ಲಿರಬಾರದು. ಇಷ್ಟಿದ್ದರೆ ಹಲಗೆಯ ಮೇಲಿನ ಆ ವಾಕ್ಯವನ್ನು ಅಳಿಸಬೇಕಾಗಿಲ್ಲ.