ಸವೆಯೋದೇ ಇದರ ಕೆಲಸ

ನಂಜನಗೂಡಿನಿಂದ ತಿ. ನರಸೀಪುರದವರೆಗೆ ಕಪಿಲೆಯ ಎರಡೂ ದಂಡೆಯ ಊರುಗಳಲ್ಲಿ ಸೈಕಲ್ಲು ಅಂದ್ರೆ ವ್ಯಾಯಾಮ ಅಲ್ಲ, ಗಾಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಬಾಳೆಗೊನೆ, ಎಲ್ಲವನ್ನೂ ಎಳೆಯೋದು ಎರಡು ಪುಟ್ಟ ಬೆಣೆಗಳ ಬಲದ ಮೇಲೆ. ಹೆಸರು ಕಾಟರ್ ಪಿನ್ನು.

ಪೆಡಲ್ ಹಿಡಿದಿರುವ ತೋಳೇ ಕ್ರ್ಯಾಂಕ್. ಅದನ್ನು ಅಚ್ಚಿಗೆ ಬಿಗಿಯೋದು ಒಂದು ಪಕ್ಕ ಓರೆಯಾಗಿ ಚಪ್ಪಟೆ ಮಾಡಿದ ಈ ಉಕ್ಕಿನ ತುಂಡು. ಲೆಕ್ಕ ಹಾಕಿ ನೋಡಿ: ಕ್ರ್ಯಾಂಕಿನ ಉದ್ದ ಸುಮಾರು 165 ಮಿ.ಮೀ., ಅಚ್ಚಿನ ತ್ರಿಜ್ಯ ಸುಮಾರು 8 ಮಿ.ಮೀ. 60 ಕೆಜಿಯ ಮನುಷ್ಯ ಏರಿನಲ್ಲಿ ಪೆಡಲ್ ಮೇಲೆ ಎದ್ದು ನಿಂತರೆ ಪಿನ್ನಿನ ಮೇಲೆ ಅದರ 20 ಪಟ್ಟು, ಅಂದ್ರೆ ಟನ್ನಿಗೂ ಮಿಕ್ಕಿದ ಒತ್ತಡ. ಸವೆಯದೆ ಇನ್ನೇನು?

1933ರಲ್ಲೇ ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ ಪಿನ್ನೇ ಇಲ್ಲದ, ಚೌಕ ಅಚ್ಚಿನ ಅಲ್ಯುಮಿನಿಯಂ ಕ್ರ್ಯಾಂಕ್ ತಂದಿತ್ತು. ಆಮೇಲೆ 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಶುರುವಾದವು. ಆದರೂ ನಮ್ಮ ಕಪ್ಪು ಸೈಕಲ್ಲು ಪಿನ್ನನ್ನು ಬಿಡಲಿಲ್ಲ. ಇದು ಹಿಂದುಳಿದಿದ್ದಕ್ಕೆ ಸಾಕ್ಷಿ ಅಂತ ನನಗನ್ನಿಸಲ್ಲ. ಅಗ್ಗದ ಪಿನ್ನು ತಾನು ಸವೆದು, ದುಬಾರಿಯ ಅಚ್ಚು, ಕ್ರ್ಯಾಂಕುಗಳನ್ನು ಉಳಿಸುತ್ತೆ. ರಿಪೇರಿಗೆ ಸುತ್ತಿಗೆ, ಸ್ಪ್ಯಾನರ್, ಅರ ಇದ್ದರೆ ಸಾಕು.

ಕೆಲಸ ಗೊತ್ತಿದ್ದವರು ಮಾಡೋದು ಹೀಗೆ. ಹೊಸ ಪಿನ್ನಿನ ಚಪ್ಪಟೆ ಮೈಯನ್ನು ಅರದಿಂದ ಉಜ್ಜಿ ಅಚ್ಚಿಗೆ ಹೊಂದಿಸ್ತಾರೆ. ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪು ಕೊಟ್ಟು ಬಡೀತಾರೆ. ಆಗ ಏಟು ನೆಲಕ್ಕೆ ಹೋಗುತ್ತೆ, ಒಳಗಿನ ಬಾಲ್ಸುಗಳಿಗಲ್ಲ. ಬಡಿದ ಮೇಲಷ್ಟೇ ನಟ್ಟು. ನಟ್ಟು ತಿರುಗಿಸಿಯೇ ಪಿನ್ನು ಎಳೆಯೋಕೆ ಹೋದರೆ ತ್ರೆಡ್ಡು ಹೋಗುತ್ತೆ. ಎರಡು ಪಿನ್ನುಗಳು ಎದುರುಬದುರು ಕೂರಬೇಕು, ಇಲ್ಲಾಂದ್ರೆ ಪೆಡಲ್‌ಗಳು ಒಂದೇ ಗೆರೆಗೆ ಬರಲ್ಲ. ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಡಿದು ಬಿಗಿದರೆ ಮುಗೀತು.

2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡ್ತು. ಪಕ್ಕದೂರಿನ ಹೈಸ್ಕೂಲು ಹೆಣ್ಣುಮಕ್ಕಳಿಗೆ ಹತ್ತಿರವಾಯ್ತು. ಆದರೆ ಯೋಜನೆ ಕೊಟ್ಟಿದ್ದು ಸೈಕಲ್ಲನ್ನು. ಅದನ್ನು ರಸ್ತೆ ಮೇಲೆ ಉಳಿಸಬೇಕಾದವನು ಊರಿನ ಸೈಕಲ್ ಶಾಪಿನವನು. ಅವನು ಬಾಗಿಲು ಹಾಕಿದ ಊರಲ್ಲಿ, ಪಿನ್ನು ಸಡಿಲವಾದ ದಿನ ಆ ಹುಡುಗಿ ಮತ್ತೆ ನಡೆದೇ ಶಾಲೆಗೆ ಹೋಗಬೇಕು. ಉಚಿತವಾಗಿ ಬಂದ ಸೈಕಲ್ಲು ಗೋಡೆಗೆ ಒರಗಿ ತುಕ್ಕು ಹಿಡಿಯೋದು ಇಂಥ ಚಿಕ್ಕ ಕಾರಣಕ್ಕೇ.

ಇನ್ನು ಬೆಂಗಳೂರಿನಲ್ಲಿ ನೀವು ಓಡಿಸೋ ಗೇರ್ ಸೈಕಲ್ಲಿಗೆ ಬನ್ನಿ. ಕ್ರ್ಯಾಂಕ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲ್ಲಾಡಿದರೆ ದೋಷ ಬೇರಿಂಗಿನದು. ಒಂದೇ ಅಲ್ಲಾಡಿದರೆ ಆ ಕ್ರ್ಯಾಂಕೇ ಸಡಿಲ. ಚೌಕ ಅಚ್ಚಿನದಾದರೆ ಹಾಗೇ ಓಡಿಸಬೇಡಿ, ಅಲ್ಯುಮಿನಿಯಂನ ಚೌಕ ತೂತು ದುಂಡಗಾಗುತ್ತೆ. ಆಮೇಲೆ ಎಷ್ಟು ಬಿಗಿದರೂ ಅದು ನಿಲ್ಲಲ್ಲ, ಇಡೀ ಕ್ರ್ಯಾಂಕನ್ನೇ ಬದಲಾಯಿಸಬೇಕು. ನಿಮ್ಮ ಸೈಕಲ್ಲಿನಲ್ಲಿ ನಿಮಗೋಸ್ಕರ ಸವೆಯೋಕೆ ಬೇರೆ ಬೆಣೆ ಇಲ್ಲ.